ಅತ್ತಿಯ ವೀಳ್ಯದೊಳಗೆ ಬೆಲ್ಲ ಕೊಲ್ಲುವ ಎಲಿ

ನಮ್ಮ ಅತ್ತಿಯ ಮೈಯಲ್ಲಿ ಸಕ್ಕರಿ ರೋಗ ಐತಿ ಅಂತ ಮೊದಲು ಕಂಡುಹಿಡಿದದ್ದು ಇರುವಿ, ಡಾಕ್ಟರ್ ಅಲ್ಲ. ಹಿತ್ತಲದ ಬಾಳಿ ಗಿಡದ ಹಿಂದೆ ಆಕಿ ಕೂತು ಎದ್ದು ಬಂದ ಜಾಗಕ್ಕೆ ಇರುವಿ ಸಾಲು ಹಚ್ಚುತ್ತಿದ್ದವು. ನಾನು ಕೂತ ಜಾಗಕ್ಕೆ ಒಂದೂ ಬರುತ್ತಿರಲಿಲ್ಲ. ಹೊಸ ಸೊಸಿ ನಾನು, ಇಂಥದ್ದನ್ನು ಯಾರಿಗೆ ಹೇಳಲಿ? ಆಕಿಗೇ ಹೇಳಿದೆ.

"ಅತ್ತಿ, ನಿಮ್ಮ ಹಿಂದ ಇರುವಿ ದಿಂಡಿ ಹೊಂಟೈತ್ರಿ."

"ಹೊಂಡಲಿ ಬಿಡು. ನನ್ನ ಮೈಯಾಗ ಸಿಹಿ ಐತಿ, ಬರ್ತಾವು. ನಿನ್ನ ಮೈಯಾಗ ಏನೈತಿ? ಬರೇ ಹುಳಿ."

ಅದು ಎರಡನೇ ಮಹಾ ಲಡಾಯಿ ಕಾಲ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ಹಾದಿಯ ಮೇಲೆ, ಕಟ್ಟಿಗಿ ಗಾಡಿಗಳು ಕಿರುಗುಟ್ಟುತ್ತ ಹೋಗುವ ಕಡೆ ನಮ್ಮ ಊರು. ಊರಂದರೆ ಇಪ್ಪತ್ತು ಮನಿ. ನಮ್ಮ ಮನಿಯಲ್ಲಿ ಮೂರು ಮಂದಿ: ನಾನು, ನನ್ನ ಗಂಡ, ಅವನ ತಾಯಿ. ಮಾವ ನಾನು ಬರುವ ಮೊದಲೇ ಸತ್ತಿದ್ದ. ಗಂಡ ಮಾತು ಕಡಿಮಿ ಆಡುವವ. ಅವನ ಪಾಲಿನ ಮಾತೂ ಅತ್ತಿಯೇ ಆಡುತ್ತಿದ್ದಳು.

ನಾನು ಮುಂಡಗೋಡ ಕಡೆಯವಳು. ನಮ್ಮ ತವರುಮನಿಯಲ್ಲಿ ಅಡಿಗಿಯೆಲ್ಲ ಮಣ್ಣಿನ ಗಡಿಗಿಯಲ್ಲಿ. ಇಲ್ಲಿ ಬಂದು ನೋಡಿದರೆ ಅತ್ತಿಯ ಒಂದು ಹಿತ್ತಾಳಿ ಬೋಗುಣಿ, ಆಕಿಯ ಅಪ್ಪ ಕೊಟ್ಟದ್ದು. ಅದನ್ನು ಹಬ್ಬಕ್ಕೆ ಇಳಿಸಿ ಮತ್ತೆ ಗೋಡಿಯ ಮಾಡಕ್ಕೆ ಏರಿಸುತ್ತಿದ್ದರು. ಹೊರಗೆ ಬಂಗಾರದ ಬಣ್ಣ, ಒಳಗೆ ಮಾತ್ರ ಬೆಳ್ಳಗೆ, ಮಂಕು ಮಂಕು. ಬಂದ ಹೊಸದರಲ್ಲಿ ಅತ್ತಿಯ ಮನಸ್ಸು ಗೆಲ್ಲಬೇಕಂತ ನಾನು ಹುಣಸಿಹಣ್ಣು, ಇಟ್ಟಂಗಿ ಪುಡಿ ಹಾಕಿ ಎರಡು ದಿನ ಕೂತು ಒಳಗಿನ ಆ ಬಿಳಿಯನ್ನೆಲ್ಲ ತಿಕ್ಕಿ ತಿಕ್ಕಿ ತೆಗೆದೆ. ಒಳಗೂ ಹೊರಗೂ ಒಂದೇ ಬಂಗಾರ ಆಯಿತು. ಅತ್ತಿಯ ಕಣ್ಣು ಆಗಲೇ ಮಬ್ಬು. ಬಿಸಿಲಿಗೆ ಹಿಡಿದು ನೋಡಿ, "ನಮ್ಮಪ್ಪ ಕೊಟ್ಟಾಗ ಸುದ್ದಾ ಹಿಂಗ ಹೊಳೀತಿರಲಿಲ್ಲ" ಅಂದಳು. ಆ ಮನಿಯಲ್ಲಿ ನನಗೆ ಸಿಕ್ಕ ಮೊದಲ ಶಾಬಾಸ್ ಅದು. ಎಂಥ ಶಾಬಾಸ್ ಅನ್ನೋದು ಮುಂದೆ ಗೊತ್ತಾಯಿತು.

ಇರುವಿ ಆದ ಮೇಲೆ ಗಾಯ. ಅತ್ತಿಯ ಎಡಗಾಲಿನ ಕಿರುಬೆರಳಿಗೆ ಕಾರಿಮುಳ್ಳು ಚುಚ್ಚಿತ್ತು. ಮುಳ್ಳು ತೆಗೆದು ಎರಡು ತಿಂಗಳಾದರೂ ತೂತು ಮುಚ್ಚಲಿಲ್ಲ. ಬೆರಳು ಬದನಿಕಾಯಿ ಬಣ್ಣಕ್ಕೆ ತಿರುಗಿತು. ಗಂಡ ಗಾಡಿ ಕಟ್ಟಿ ಹಳಿಯಾಳದ ದವಾಖಾನಿಗೆ ಒಯ್ದ, ನಾನೂ ಹೋದೆ. ಡಾಕ್ಟರ್ ಒಂದು ಗಾಜಿನ ನಳಿಕಿಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಅತ್ತಿಯ ಉಚ್ಚಿ ನಾಕು ಹನಿ ಬಿಟ್ಟು ದೀಪಕ್ಕೆ ಹಿಡಿದರು. ನೀಲಿ ಹೋಗಿ ಇಟ್ಟಂಗಿ ಬಣ್ಣ ಆಯಿತು.

"ಬೆಲ್ಲ ಬಿಡಬೇಕು, ಅನ್ನ ಕಡಿಮಿ ಮಾಡಬೇಕು" ಅಂದರು. "ಬಾಯಿ ಕಟ್ಟಿದರ ಕಾಲು ಉಳೀತದ. ಕಟ್ಟದಿದ್ದರ ಧಾರವಾಡಕ್ಕ ಹೋಗಿ ಕಾಲು ಕಡಿಸಿಕೊಂಡು ಬರಬೇಕಾಗ್ತದ. ನೀವಽ ಆರಿಸ್ರಿ."

ಗಾಡಿಯಲ್ಲಿ ಬರುವಾಗ ಅತ್ತಿ ಪಟ್ಟಿ ಕಟ್ಟಿದ ಬೆರಳನ್ನೇ ನೋಡುತ್ತ ಕೂತಳು. ನಮ್ಮ ಊರ ಹುಣಸಿಮರ ಕಂಡ ಮೇಲೆ ಬಾಯಿ ಬಿಟ್ಟಳು. "ಕಾಲಿಲ್ಲದಾಕಿ ಮೂಲ್ಯಾಗ ಕೂತು ಸೊಸೀನ ಹೆಂಗ ಆಳಬೇಕು? ಇಕಿ ನನ್ನ ಕಣ್ಣ ಮುಂದ ಕುಣೀತಾಳ."

ನಾನೂ ನನ್ನ ಲೆಕ್ಕ ಹಾಕಿದೆ. ಪ್ರೀತಿಗೀತಿ ಅಂತ ಸುಳ್ಳು ಹೇಳುವುದಿಲ್ಲ. ಆಕಿಯ ಕಾಲು ಹೋದರೆ ದಿನಕ್ಕೆ ಐದು ಸಲ ಬಾಳಿ ಗಿಡದ ಹಿಂದೆ ಹೊತ್ತುಕೊಂಡು ಹೋಗುವವಳು ನಾನು. ಆಕಿ ಹತ್ತಿ ಮೂಟಿಯಂತೆ ಇದ್ದಳು, ನಾನು ಕಡ್ಡಿ. ಆ ಕಾಲು ಉಳಿಯಲೇಬೇಕಿತ್ತು.

ಅತ್ತಿ ಎಲ್ಲರ ಮುಂದೆ ಬೆಲ್ಲ ಬಿಟ್ಟಳು. ಹಿಂದೆ ಬಿಡಲಿಲ್ಲ. ಬೆಲ್ಲ ನಮ್ಮದೇ ಗಾಣದ್ದು, ಪೆಂಟಿ ಪೆಂಟಿ ಅಟ್ಟದ ಮೇಲೆ ಕೂತಿರುತ್ತಿತ್ತು. ಮಧ್ಯಾಹ್ನ ಊಟ ಆದ ಮೇಲೆ ಗಂಡ ಹೊಲಕ್ಕೆ, ನಾನು ಬಾವಿಗೆ. ತಿರುಗಿ ಬಂದರೆ ಅಟ್ಟದ ಏಣಿ ಒಂದು ಗೇಣು ಸರಿದಿರುತ್ತಿತ್ತು. ಅಂಗಳ ದಾಟಲು ಅಯ್ಯೋ ಅವ್ವಾ ಅನ್ನುವ ಕಾಲು ಏಣಿಯ ಒಂಬತ್ತು ಮೆಟ್ಟಲು ಹತ್ತಿ ಇಳಿಯುತ್ತಿತ್ತು. "ಬೆಲ್ಲ ಯಾರು ಮುರದಾರು?" ಅಂದರೆ "ಇಲಿ" ಅನ್ನುತ್ತಿದ್ದಳು. ಇಲಿಯ ಮೀಸಿಗೆ ಬೆಲ್ಲ ಅಂಟುತ್ತದೋ ಇಲ್ಲವೋ ನಾನು ನೋಡಿಲ್ಲ. ಅತ್ತಿಯ ಗದ್ದಕ್ಕೆ ಅಂಟಿದ್ದು ನೋಡಿದ್ದೇನೆ.

ಹೀಗಿರುವಾಗ ಜೋಯಿಡಾ ಕಡೆಯ ಕುಣಬಿ ಹೆಂಗಸು ಮುರುಗಲ ಸಿಪ್ಪಿ ಮಾರಲು ಬಂದಳು. ವರ್ಷಕ್ಕೆ ಎರಡು ಸಲ ಸೂಪಾ ದಾಟಿ ಕಾಡೊಳಗಿಂದ ನಡೆದು ಬರುತ್ತಿದ್ದಳು, ತಲಿಯ ಮೇಲೆ ಬುಟ್ಟಿ. ನಾನು ಬಾವಿ ಕಟ್ಟಿಯ ಮೇಲೆ ಆಕಿಯ ಮುಂದೆ ಅತ್ತಿಯ ಕಥಿಯೆಲ್ಲ ಹೇಳಿದೆ. ಆಕಿ ಹಲ್ಲು ಕಿಸಿದು, ಬದುವಿನ ಬೇಲಿಗೆ ಹಬ್ಬಿದ್ದ ಒಂದು ಬಳ್ಳಿಯಿಂದ ಎರಡು ಎಲಿ ಹರಿದು ಕೊಟ್ಟಳು.

"ಅಗಿ ತಂಗಿ. ನುಂಗಬ್ಯಾಡ. ನಾಲಗಿ ಮ್ಯಾಲೆ ಇಟ್ಟು ಅಗಿ."

ಕಹಿ, ಹುಲ್ಲು ಹುಲ್ಲು. ಉಗುಳಿದ ಮೇಲೆ ಆಕಿ ತನ್ನ ಗಂಟಿನಿಂದ ಬೆಲ್ಲದ ಚೂರು ಕೊಟ್ಟಳು. ಬಾಯಿಗೆ ಹಾಕಿದೆ. ಮಳಲು! ಹೊಳಿಯ ಮಳಲು! ಸಿಹಿ ಅನ್ನೋದು ಸತ್ತೇ ಹೋಗಿತ್ತು.

"ಗುಡಮಾರ" ಅಂದಳು. ಬೆಲ್ಲ ಕೊಲ್ಲುವ ಎಲಿ. "ಒಂದು ತಾಸಿನಾಗ ನಾಲಗಿ ಮತ್ತ ಎದ್ದು ಕೂಡ್ತದ, ಹೆದರಬ್ಯಾಡ. ಮೈಯಾಗಿನ ಸಿಹಿನೂ ಇಳಸ್ತದ ಅಂತ ನಮ್ಮ ಅಜ್ಜಿ ಹೇಳ್ತಿತ್ತು. ಮುದುಕಿಗೆ ದಿನಾ ಕೊಡು."

"ಆಕಿ ತಿನ್ನೂದಿಲ್ಲಲ್ಲ. ನಾ ಕೊಟ್ಟರ ತೀರ್ಥನೂ ಉಗಳ್ತಾಳ."

"ನಿನ್ನ ಕೈಲೆ ಏನೂ ತಿನ್ನೂದಿಲ್ಲೇನು?"

ತಿನ್ನುತ್ತಿದ್ದಳು. ಒಂದೇ ಒಂದು ವಸ್ತು. ಊಟ ಆದ ಕೂಡಲೆ ಅತ್ತಿಗೆ ಎಲಿ ಅಡಿಕಿ ಮಡಚಿ ಕೊಡುವುದು ಸೊಸಿಯ ಕೆಲಸ. ಎಲಿಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕಿ ಹೋಳು, ಸಣ್ಣ ಚಿಟಿಕಿ ತಂಬಾಕ ಇಟ್ಟು ಮಡಚಿ ಅಂಗೈ ಮೇಲೆ ಇಟ್ಟು ಕೊಡಬೇಕು. ಆಕಿ ಬಿಚ್ಚಿ ನೋಡುವಂತಿಲ್ಲ, ಹಾಗೆ ನೋಡಿದರೆ ಮನಿ ಮರ್ಯಾದಿಗೆ ಕಡಿಮಿ.

ಮರುದಿನದಿಂದ ಅತ್ತಿಯ ವೀಳ್ಯದೊಳಗೆ ಎರಡು ಎಲಿ ಹೆಚ್ಚಿಗೆ ಹೋದವು. ಸುಣ್ಣ, ತಂಬಾಕದ ಮುಂದೆ ಆ ಕಹಿ ಎಲ್ಲಿ ಗೊತ್ತಾಗಬೇಕು! ಮೊದಲ ದಿನ ನಾನು ಬಾವಿಗೆ ಹೋದಂತೆ ಮಾಡಿ ಎತ್ತು ಮೇಯುವ ಗ್ವಾದಲಿ ಹಿಂದೆ ನಿಂತೆ. ಏಣಿ ಕಿರ್ ಅಂತು. ಆಮೇಲೆ ಅಟ್ಟದ ಮೇಲಿಂದ "ಥೂ!" ಅಂತ ಬಂತು. ಮತ್ತೊಂದು ಪೆಂಟಿ ಮುರಿದ ಸಪ್ಪಳ. ಮತ್ತೆ "ಥೂ!" ನಾನು ಎತ್ತಿನ ಬೆನ್ನಿಗೆ ಮುಖ ಒತ್ತಿ ನಕ್ಕೆ. ಎತ್ತು ತಿರುಗಿ ನೋಡಿತು.

ಕಳ್ಳಿಗೆ ಕಷ್ಟ ಏನಂದರೆ ದೂರು ಹೇಳುವಂತಿಲ್ಲ. ಅತ್ತಿ ನಾಕು ದಿನ ಒಳಗೊಳಗೇ ಬೆಂದು ಐದನೇ ದಿನ ಮಗನಿಗೆ ಹೇಳಿಯೇಬಿಟ್ಟಳು.

"ಈ ಸಲದ ಬೆಲ್ಲ ಕೆಟ್ಟೈತಿ. ಗಾಣದಾಗ ಯಾರೋ ಮಣ್ಣ ಬೆರಸ್ಯಾರ."

"ನಿನಗ ಹೆಂಗ ಗೊತ್ತಾತು?"

"ವಾಸನಿ ಮ್ಯಾಲೆ."

ಅವನು ಒಂದು ಚೂರು ಬಾಯಿಗೆ ಹಾಕಿದ. "ಜೇನ ಇದ್ದಂಗ ಐತೆಲ್ಲಬೇ ಯವ್ವಾ."

ಬಾಜೂ ಮನಿಯ ಕಾಕಿಯನ್ನು ಕರೆಸಿದಳು. ಕಾಕಿ ಪುಕ್ಕಟಿ ಸಿಕ್ಕರೆ ಬೇವಿನ ಕಾಯಿಯೂ ಸಿಹಿ ಅನ್ನುವವಳು, ಮೂರು ಚೂರು ತಿಂದು, ಇನ್ನೊಂದು ಸೆರಗಿಗೆ ಕಟ್ಟಿಕೊಂಡು, "ಛಲೋ ಐತಲ್ಲ ವೈನಿ" ಅಂದಳು. ಅವತ್ತು ಸಂಜಿ ಅತ್ತಿ ಕಟ್ಟಿಯ ಮೇಲೆ ಕೂತು ತನ್ನ ನಾಲಗಿಯನ್ನು ಕನ್ನಡಿಯಲ್ಲಿ ಹೊರಗೆ ಚಾಚಿ ನೋಡಿಕೊಂಡಳು.

"ಸಾಯೋ ಮುಂದ ಮೊದಲ ನಾಲಗಿ ಸಾಯ್ತದಂತ" ಅಂದಳು. ದನಿ ಸಣ್ಣಗಿತ್ತು.

ನನಗೆ ಒಂದು ಗಳಿಗಿ ಹೇಳಿಬಿಡಬೇಕು ಅನಿಸಿತು. ಆದರೆ ಅಟ್ಟದ ಏಣಿ ಮೂರು ದಿನದಿಂದ ಸರಿದಿರಲಿಲ್ಲ. ಬಾಳಿ ಗಿಡದ ಹಿಂದಿನ ಇರುವಿಯೂ ಕಡಿಮಿ ಆಗಿದ್ದವು. ಮರುದಿನವೂ ಎರಡು ಎಲಿ ಒಳಗಿಟ್ಟು ವೀಳ್ಯ ಮಡಚಿದೆ.

ಸಿಹಿ ಸತ್ತ ಮೇಲೆ ನಾಲಗಿ ಹುಳಿ ಬೇಡಿತು. "ಮುರುಗಲ ಸಾರು ಮಾಡು. ನನ್ನ ಬೋಗುಣಿಯಾಗ ಮಾಡು. ಸಾಯೋದರೊಳಗ ನಮ್ಮಪ್ಪನ ಪಾತ್ರೆಯಾಗ ಉಣ್ತೇನಿ" ಅಂದಳು. ನಾನು ಬೋಗುಣಿ ಇಳಿಸಿದೆ. ಹಿಡಿ ತುಂಬ ಮುರುಗಲ ಸಿಪ್ಪಿ ಹಾಕಿ ಬೆಳಿಗ್ಗೆಯೇ ಕುದಿಸಿ ಅದರಲ್ಲೇ ಬಿಟ್ಟೆ, ಮಧ್ಯಾಹ್ನದ ತನಕ ಹುಳಿ ಬಿಡಲಿ ಅಂತ. ಗಂಡ ಅವತ್ತು ರೊಟ್ಟಿ ಪಲ್ಯ ಕಟ್ಟಿಕೊಂಡು ಮುಂಜಾನೆಯೇ ಹೊಲಕ್ಕೆ ಹೋದ. ಅತ್ತಿ ಎರಡು ಬಟ್ಟಲ ಸಾರು ಕುಡಿದಳು. ಸೊಸಿ ಉಣ್ಣುವುದು ಕಡಿಗೆ, ಹಂಗಾಗಿ ನನ್ನ ಬಾಯಿಗೆ ಒಂದು ಹನಿಯೂ ಹೋಗಿರಲಿಲ್ಲ.

ಆಕಿ ವೀಳ್ಯ ಬಾಯಿಗೆ ಹಾಕಿದಳೋ ಇಲ್ಲವೋ, ವಾಂತಿ ಶುರುವಾಯಿತು. ಬರೇ ವಾಂತಿ ಅಲ್ಲ, ಕರುಳು ಕಿತ್ತು ಬರುವಂಥದ್ದು. ಹೊಟ್ಟಿ ಹಿಡಿದು ಉರುಳಿದಳು. ಕಾಕಿ ಓಡಿ ಬಂದಳು, ಕಾಕಿಯ ಹಿಂದೆ ಇಡೀ ಓಣಿ. ಯಾರೋ ಹೊಲಕ್ಕೆ ಓಡಿ ಗಂಡನನ್ನೂ ಕರೆತಂದರು. ವಾಂತಿಯಲ್ಲಿ ಹಸರ ಎಲಿಯ ತುಣುಕು ಬಿದ್ದಿದ್ದವು. ಕಾಕಿ ಎಲಿ ಡಬ್ಬಿ ತೆಗೆದು ನೆಲಕ್ಕೆ ಸುರಿದಳು. ವೀಳ್ಯದೆಲಿಯ ತಳದಲ್ಲಿ ನನ್ನ ಬೆಲ್ಲ ಕೊಲ್ಲುವ ಎಲಿ, ಒಂದು ಹಿಡಿ.

"ಇದೇನಽ?"

ಏನು ಹೇಳಲಿ? ಅತ್ತಿ ಬೆಲ್ಲ ಕದಿಯುತ್ತಿದ್ದಳು, ಅದಕ್ಕೆ ನಾನು ಕದ್ದು ಎಲಿ ತಿನ್ನಿಸಿದೆ ಅಂತಲೇ?

"ವಿಷ ಹಾಕ್ಯಾಳ!" ಅತ್ತಿ ಮಲಗಿದಲ್ಲಿಂದಲೇ ಕೂಗಿದಳು. ಸಾಯುವವಳ ದನಿ ಅಲ್ಲ ಅದು, ದಾಂಡೇಲಿಗೆ ಕೇಳುವ ಹಾಗಿತ್ತು. "ಮೊದಲ ನನ್ನ ನಾಲಗಿ ಕೊಂದಳು, ಈಗ ನನ್ನ ಕೊಲ್ಲಾಕತ್ಯಾಳ! ಈ ಮೂಳೀನ ನಾಳೆ ಅವರಪ್ಪನ ಮನಿಗೆ ಬಿಟ್ಟು ಬಾ. ತಿರುಗಿ ತರಬ್ಯಾಡ!"

ಸಂಜಿಗೆ ವಾಂತಿ ನಿಂತಿತು. ಮಾತು ನಿಲ್ಲಲಿಲ್ಲ. ಗಂಡ ನನ್ನ ಕಡೆ ನೋಡಿ, "ಏನರೆ ಹೇಳು" ಅಂದ. ನಾನು "ವಿಷ ಅಲ್ಲ" ಅಂದೆ. "ಮತ್ತೇನು?" ಅಂದ. ಹೇಳಿದರೆ ಅತ್ತಿಯ ಕಳವು ಹೇಳಬೇಕು, ನಾನು ನೆಲ ಒರಸಲು ಕೂತೆ. ನನ್ನ ಎರಡು ಸೀರಿ ಗಂಟು ಕಟ್ಟಿ ಬಾಗಲ ಹತ್ತಿರ ಇಟ್ಟರು. ವಿಷ ಹಾಕಿದವಳು ಅಂತ ತಿರುಗಿ ಬಂದ ಮಗಳನ್ನು ನಮ್ಮಪ್ಪ ಮನಿಯೊಳಗೆ ಬಿಡುತ್ತಿದ್ದನೋ ಇಲ್ಲವೋ, ಈಗಲೂ ಗೊತ್ತಿಲ್ಲ.

ನನ್ನನ್ನು ಉಳಿಸಿದ್ದು ಅತ್ತಿಯ ಜಂಬ. ವಿಷ ಮುಟ್ಟಿದ ಬೋಗುಣಿಯನ್ನು ಹಾಗೇ ಮಾಡಕ್ಕೆ ಇಡಬಾರದು, ಯಾರೂ ತೊಳೆಯುವುದೂ ಬೇಡ, ಬೆಂಕಿಗೆ ಹಾಕಿ ಶುದ್ಧ ಮಾಡಿಸಬೇಕು, ಹಳಿಯಾಳದ ಕಲಾಯಿ ಚಾಚಾನನ್ನು ಕರೆದು ತಾ ಅಂತ ಮಗನಿಗೆ ಹಟ ಹಿಡಿದಳು. "ಮೊದಲ ಚಾಚಾ ಬರಲಿ. ಆಮ್ಯಾಲೆ ಇಕೀನ ಬಿಟ್ಟು ಬಾ." ಆಕಿಗೆ ಸೊಸಿಗಿಂತ ಬೋಗುಣಿ ದೊಡ್ಡದು. ಆ ಹೊತ್ತು ನನಗೂ ಅದೇ ಬೇಕಿತ್ತು.

ಮರುದಿನ ಮುಂಜಾನೆ ಚಾಚಾ ಬಂದ. ಬಿಳಿ ಗಡ್ಡ, ಬೆರಳೆಲ್ಲ ಸುಟ್ಟ ಗುರುತು. ಕಲಾಯಿ ಹಚ್ಚುವ ತವರದ ಕಡ್ಡಿ ಎಲ್ಲ ಲಡಾಯಿಗೆ ಹೋಗುತ್ತಿತ್ತಂತೆ, ಎರಡು ವರ್ಷದಿಂದ ನಮ್ಮ ಊರಿಗೆ ಬಂದಿರಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಿಲೆ ಕೂತು ಬೋಗುಣಿ ಬಿಸಿಲಿಗೆ ವಾಲಿಸಿದ. ಓಣಿಯೆಲ್ಲ ಸುತ್ತ ನಿಂತಿತ್ತು. ಅವನು ಒಳಗೆ ನೋಡಿದ, ಮತ್ತೆ ನೋಡಿದ.

"ಅವ್ವಾ, ನನ್ನ ಕಲಾಯಿ ಎಲ್ಲಿ ಹೋತು?"

"ಎಲ್ಲಿ ಹೋಗ್ತದ? ಬಂಗಾರದಂಗ ಹೊಳ್ಯಾಕತ್ತಿಲ್ಲೇನು?" ಅಂದಳು ಅತ್ತಿ, ಕಂಬಕ್ಕೆ ಒರಗಿ.

"ಅದಽ ರೋಗ. ಯಾರು ತಿಕ್ಕಿದ್ದು?"

"ನಾನರೀ ಚಾಚಾ" ಅಂದೆ. "ಒಳಗ ಬೆಳ್ಳಗ ಹೊಲಸು ಕೂತಿತ್ತು. ಹುಣಸಿಹಣ್ಣು, ಇಟ್ಟಂಗಿ ಪುಡಿ ಹಾಕಿ ತಗದೆ."

ಚಾಚಾ ತನ್ನ ಹಣಿ ತಾನೇ ಹೊಡಕೊಂಡ. "ಯಾ ಅಲ್ಲಾ! ಹೊಲಸಲ್ಲವ್ವಾ ಅದು, ಪಾತ್ರೆಯ ಅಂಗಿ. ನಾ ಹೊಲದು ತೊಡಸಿದ್ದೆ, ನೀ ಬಿಚ್ಚಿ ಒಗದಿ. ಬತ್ತಲೆ ಹಿತ್ತಾಳಿಗೆ ಹುಳಿ ಹಾಕಿದರ ಏನಾಗ್ತದ ನೋಡ್ರಿ." ತಳದ ಮೂಲಿಯಲ್ಲಿ ನಿನ್ನೆಯ ಸಾರು ಒಣಗಿ ಗಿಳಿ ಬಣ್ಣ ಕೂತಿತ್ತು. ಉಗುರಿನಿಂದ ಕೆರೆದು ಎಲ್ಲರಿಗೂ ತೋರಿಸಿದ. "ಕಿಲುಬು. ಇದು ಹೊಟ್ಟಿಗೆ ಹೋದರ ಆನಿನೂ ವಾಂತಿ ಮಾಡ್ತದ. ವಿಷ ಇದಽ, ಎಲಿಯಲ್ಲ."

ಅಂಗಿಯ ಬಗಲಿನಿಂದ ಒಂದು ಚೀಲ ತೆಗೆದ. ಒಣಗಿಸಿದ ನೆಲ್ಲಿಕಾಯಿ ಹೋಳು. ಭಟ್ಟಿ ಮುಂದೆ ಕೂತು ಲೋಹದ ಹೊಗಿ ನುಂಗುವ ತಮ್ಮ ಮಂದಿ ದಿನವಿಡೀ ಒಂದು ಹೋಳು ದವಡಿಯಲ್ಲಿ ಇಟ್ಟುಕೊಳ್ಳುತ್ತಾರೆ ಅಂದ, ಅವನ ಅಪ್ಪನೂ ಹಾಗೇ ಇಟ್ಟುಕೊಂಡು ಎಂಬತ್ತು ವರ್ಷ ಬದುಕಿದನಂತೆ. "ಮಜ್ಜಿಗಿಯಾಗ ನೆನಸಿ ಎಂಟು ದಿನ ಕುಡಸ್ರಿ. ಕಿಲುಬು ಸೋಸಿ ಹೋಗ್ತದ." ಸೋಸಿತೋ, ವಾಂತಿಯಲ್ಲೇ ಎಲ್ಲ ಹೋಗಿತ್ತೋ, ನನಗೆ ಗೊತ್ತಿಲ್ಲ. ಅತ್ತಿ ಮಾತ್ರ ಒಂಬತ್ತನೇ ದಿನವೂ ಕುಡಿದಳು.

"ಹಂಗಾರ ಈ ಎಲಿ ಯಾತರದು?" ಕಾಕಿ ಬಿಡಲಿಲ್ಲ. ಡಬ್ಬಿಯ ಎಲಿಗಳನ್ನು ಮೊರದಲ್ಲಿ ಹಾಕಿ ತಂದು ನನ್ನ ಮುಂದೆ ಇಟ್ಟಳು.

ನಾಕು ಎಲಿ ಎತ್ತಿ ಬಾಯಿಗೆ ಹಾಕಿ ಎಲ್ಲರ ಮುಂದೆ ಅಗಿದು ಉಗುಳಿದೆ. ಸಾಯುತ್ತೇನೇನೋ ಅಂತ ಓಣಿ ಕಾದಿತು. ಸಾಯಲಿಲ್ಲ. "ಕಾಕಿ, ನೀವೂ ಅಗೀರಿ. ಆಮ್ಯಾಲೆ ಬೆಲ್ಲ ತಿನ್ರಿ" ಅಂದೆ. ಬೆಲ್ಲ ಅಂದರೆ ಕಾಕಿ ಹಿಂದೆ ಸರಿಯುವವಳೇ? ಎಲಿ ಅಗಿದು ದೊಡ್ಡ ಚೂರು ಬಾಯಿಗೆ ಹಾಕಿದಳು. ಮುಖ ನೋಡಬೇಕಿತ್ತು.

"ಮಣ್ಣ! ಬರೇ ಮಣ್ಣ ಇದು!"

ಗಂಡನೂ ಅಗಿದು ಬೆಲ್ಲ ತಿಂದ, "ಮಳಲು" ಅಂದ. ಚಾಚಾನೂ ತಿಂದು ನೋಡಿದ, ಗಡ್ಡ ಅಲ್ಲಾಡಿಸಿ ನಕ್ಕ. ಓಣಿಯ ಹೆಂಗಸರೆಲ್ಲ ಮೊರಕ್ಕೆ ಕೈ ಹಾಕಿದರು. ಎಲ್ಲರೂ ಅಗಿಯುವುದು, ತಿನ್ನುವುದು, ಥೂ ಥೂ ಅಂತ ಉಗುಳುವುದು. ನಮ್ಮ ಅಂಗಳ ಮಂಗ್ಯಾಗಳ ಮದುವಿ ಆಯಿತು.

ಅತ್ತಿ ಒಬ್ಬಳೇ ಎಲಿ ಮುಟ್ಟಲಿಲ್ಲ. ಆಮೇಲೆ ಮೆಲ್ಲಗೆ ಅಂದಳು, "ಹಂಗಾರ ನನ್ನ ನಾಲಗಿ ಸತ್ತಿಲ್ಲ."

ಗಂಡ ಒಂದು ವರ್ಷದಲ್ಲಿ ಆಡಿದ ಬುದ್ಧಿ ಮಾತು ಅದೊಂದೇ ಇರಬೇಕು. "ಸತ್ತಿಲ್ಲಬೇ. ಆದರ ಬೆಲ್ಲ ಮಣ್ಣ ಆಗೈತಿ ಅಂತ ನಿನಗ ಹೆಂಗ ಗೊತ್ತಾತು? ಇಲಿ ಹೇಳ್ತೇನು?"

ಅಂಗಳ ಬಿದ್ದು ಬಿದ್ದು ನಕ್ಕಿತು. ಅತ್ತಿ ಸೆರಗು ತಲಿಯ ಮೇಲೆ ಎಳೆದುಕೊಂಡು ಎದ್ದು, ಕುಂಟುತ್ತ ಬಾಗಲಿಗೆ ಹೋದಳು. ನನ್ನ ಸೀರಿಯ ಗಂಟನ್ನು ಕಾಲಿನಿಂದ ಒಳಗೆ ನೂಕಿದಳು. ಆ ಕೆಟ್ಟ ಕಾಲಿನಿಂದಲೇ. "ಅಡ್ಡ ಇಟ್ಟೀರಲ್ಲ, ಎಡವಿ ಬೀಳಬೇಕೇನು ನಾನು?" ಅಂದಳು. ಕ್ಷಮಿಸು ಅನ್ನುವ ಮಾತು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ. ಬೋಗುಣಿ ಬರಿಮೈಯಲ್ಲೇ ಮಾಡದಲ್ಲಿ ಕೂತಿತು. ಲಡಾಯಿ ಮುಗಿದು ತವರ ಬರುವ ತನಕ ಅದರಲ್ಲಿ ಕಾಳು ತುಂಬಿಟ್ಟೆವು.

ಅವತ್ತಿನಿಂದ ಅತ್ತಿ ಕಟ್ಟಿಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು ಆ ಎಲಿ ಅಗಿಯುತ್ತಿದ್ದಳು, ತಾನೇ ಕಾಡಿನಿಂದ ತಂದವಳ ಹಾಗೆ. ಕೇಳಿದವರಿಗೆ, "ನನ್ನ ಸೊಸಿಗೆ ಕೊಡಾಕ ಬರಲಿಲ್ಲ, ಕಳ್ಳಿ ಹಂಗ ಕೊಟ್ಟಳು" ಅನ್ನುತ್ತಿದ್ದಳು. ಡಾಕ್ಟರ್ ವಾರಕ್ಕೊಮ್ಮೆ ಪಟ್ಟಿ ಕಟ್ಟಿದರು. ಕಿರುಬೆರಳಿನ ತುದಿ ಒಣಗಿ, ಒಂದು ದಿನ ಪಟ್ಟಿಯ ಜೊತಿಗೆ ಬಂತು. ಅತ್ತಿ ಅದನ್ನು ಬಾಳಿ ಗಿಡದ ಬುಡಕ್ಕೆ ಹೂತು, "ಹೋಗು, ಒಂದರ ಮ್ಯಾಲೆ ಬಿಟ್ಟಿ" ಅಂದಳು. ಉಳಿದ ಕಾಲು ಉಳಿಯಿತು. ಎಲಿಯಿಂದಲೋ, ಬೆಲ್ಲ ಬಿಟ್ಟದ್ದರಿಂದಲೋ, ಡಾಕ್ಟರ್ ಪಟ್ಟಿಯಿಂದಲೋ, ಇರುವಿಗೇ ಗೊತ್ತು. ಬಾಳಿ ಗಿಡದ ಹಿಂದೆ ಅವು ಬರುವುದನ್ನು ಬಿಟ್ಟಿದ್ದವು.

ಪಂಚಮಿಗೆ ನನ್ನ ಅಣ್ಣ ಮುಂಡಗೋಡದಿಂದ ಗಾಡಿ ಕಟ್ಟಿಕೊಂಡು ಕರೆಯಲು ಬಂದ. ಗಂಟು ಕಟ್ಟಿದೆ, ಈ ಸಲ ನಾನೇ. ಹೊರಡುವಾಗ ಅತ್ತಿ ಅಡಿಗಿಮನಿಯಿಂದ ನಡೆದು ಬಂದಳು. ಕೋಲಿಲ್ಲ, ಕಂಬ ಹಿಡಿಯಲಿಲ್ಲ. ಅಂಗೈ ಮೇಲೆ ಮಡಚಿದ ವೀಳ್ಯ.

"ತಗೋ. ನೀ ದಿನಾ ಕೊಡ್ತಿದ್ದಿ, ಒಂದ ದಿನ ನಾ ಕೊಡ್ತೇನಿ."

ಅತ್ತಿ ಸೊಸಿಗೆ ವೀಳ್ಯ ಮಡಚಿ ಕೊಡುವುದು ಯಾವ ಊರಲ್ಲಿ ಕೇಳಿದ್ದೀರಿ? ಅಣ್ಣನ ಕಣ್ಣು ತುಂಬಿ ಬಂತು. ಬಿಚ್ಚಿ ನೋಡುವಂತಿಲ್ಲ. ಬಾಯಿಗೆ ಹಾಕಿ ಅಗಿದೆ. ಅಗಿಯುವಾಗ ಏನೋ ಹುಲ್ಲು ಹುಲ್ಲು ಅನಿಸಿತು. ಅಷ್ಟರಲ್ಲಿ ಆಕಿ, "ಬಾಯಿ ಉಗಳು. ತವರಿಗೆ ಹೋಗಾಕಿ ಸಿಹಿ ತಿಂದು ಹೋಗಬೇಕು" ಅಂತ ದೊಡ್ಡ ಶೇಂಗಾ ಉಂಡಿ ತಂದು ಕೈಗೆ ಇಟ್ಟಳು.

ಕಚ್ಚಿದೆ. ಮಳಲು.

ಅಣ್ಣ ನೋಡುತ್ತಿದ್ದ. ಗಂಡ ನೋಡುತ್ತಿದ್ದ. ಗೋಡಿಯ ಆಚೆಯಿಂದ ಕಾಕಿಯೂ ನೋಡುತ್ತಿದ್ದಳು. ಅತ್ತಿ ಸೊಂಟಕ್ಕೆ ಕೈ ಇಟ್ಟು, ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದಳು.

"ಹೆಂಗೈತಿ ಸಿಹಿ?"

"ಭಾಳ ಸಿಹಿ ಐತ್ರಿ ಅತ್ತಿ."

"ಹೌದೇನು? ಹಂಗಾರ ಇನ್ನೊಂದು ತಗೋ. ತಿನ್ನು ತಿನ್ನು, ಹಳಿಯಾಳ ದಾಟೂತನಕ ಇದಽ ರುಚಿ ಇರ್ತದ."